ಷಿಯಾನ್‌ನಲ್ಲಿ ನಾಲ್ಕು ದಿನ: ಮಣ್ಣಿನ ಸೈನ್ಯ ಬಿಟ್ಟರೆ ಇನ್ನೇನು ನೋಡಬೇಕು?

ಗಂಟುಮೂಟೆ
ನವೆಂಬರ್ ಮೊದಲ ವಾರ ಬೀಜಿಂಗ್‌ನಿಂದ ರೈಲಲ್ಲಿ ಷಿಯಾನ್‌ಗೆ ಹೋಗ್ತಿದ್ದೇವೆ. ಸೋಮವಾರ ರಾತ್ರಿ ತಲುಪಿ ಶನಿವಾರ ಬೆಳಿಗ್ಗೆ ವಾಪಸ್. ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ಹಗಲು ಕೈಯಲ್ಲಿದೆ. ಜೊತೆಗೆ ಅಪ್ಪ, ಅಮ್ಮ. ಅಪ್ಪನಿಗೆ ಶಾಸನ, ಇತಿಹಾಸದ ಹುಚ್ಚು. ಅಮ್ಮನಿಗೆ ಮಂಡಿ ನೋವು, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನೋದಿಲ್ಲ.
ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಮೊದಲ ದಿನ ಮಣ್ಣಿನ ಸೈನ್ಯ (ಚೀನಾದ ಮೊದಲ ಸಾಮ್ರಾಟನ ಸಮಾಧಿ ಹತ್ತಿರ ಹೂತಿಟ್ಟ ಮಣ್ಣಿನ ಸೈನಿಕರು), ಉಳಿದ ಮೂರು ದಿನ ಶಾಪಿಂಗು, ಬೆಳಕಿನ ಪ್ರದರ್ಶನ, ನೃತ್ಯದ ಜೊತೆ ಡಿನ್ನರ್. ಇಷ್ಟೇನಾ ಆ ಊರಲ್ಲಿರೋದು? ಗೊತ್ತಿರೋರು ಹೇಳಿ.

ರೈಲುಹುಚ್ಚ
ಏನು ನೋಡೋದು ಅನ್ನೋದಕ್ಕಿಂತ ಮೊದಲು ಯಾವುದಕ್ಕೆ ಮುಂಗಡ ಬುಕಿಂಗ್ ಬೇಕು ಅಂತ ನೋಡ್ಕೊಳ್ಳಿ. ಷಿಯಾನ್‌ನಲ್ಲಿ ಎಡವೋದು ಅಲ್ಲೇ.
1. ಮಣ್ಣಿನ ಸೈನ್ಯ: 120 ಯುವಾನ್. ಪಾಸ್‌ಪೋರ್ಟ್ ನಂಬರ್ ಹಾಕಿಯೇ ಬುಕ್ ಮಾಡಬೇಕು. ಟಿಕೆಟ್ ಚೀಟಿ ಕೊಡೋದಿಲ್ಲ, ಪಾಸ್‌ಪೋರ್ಟೇ ಟಿಕೆಟ್.
2. ಶಾನ್‌ಷಿ ಇತಿಹಾಸ ಮ್ಯೂಸಿಯಂ: ಉಚಿತ. ಉಚಿತ ಆದ್ದರಿಂದಲೇ ಸಿಗೋದು ಕಷ್ಟ. ಕೆಲವೇ ದಿನ ಮೊದಲು ಬುಕಿಂಗ್ ತೆರೆಯುತ್ತೆ, ನಿಮಿಷಗಳಲ್ಲಿ ಖಾಲಿ. ಸೋಮವಾರ ರಜೆ.
3. ರೈಲು: 15 ದಿನ ಮೊದಲು ಬುಕಿಂಗ್ ಶುರು. ಇಲ್ಲೂ ಪಾಸ್‌ಪೋರ್ಟೇ ಟಿಕೆಟ್. ಅವರ ಗುರುತಿನ ಚೀಟಿ ಓದುವ ಆಟೋಮ್ಯಾಟಿಕ್ ಗೇಟಲ್ಲಿ ನಮ್ಮ ಪಾಸ್‌ಪೋರ್ಟ್ ಎಷ್ಟೋ ಸಲ ತಗೊಳ್ಳೋದಿಲ್ಲ, ಪಕ್ಕದಲ್ಲಿ ಸಿಬ್ಬಂದಿ ಇರೋ ಸಾಲಿಗೆ ಹೋಗಿ.
ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹಾಕಿ. ನಮ್ಮವರಲ್ಲಿ ಇನಿಷಿಯಲ್ಲು ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಮಡಿಸಿ ಇರುತ್ತಲ್ಲ, ತೊಂದರೆ ಆಗೋದು ಅಲ್ಲೇ.

ಗಂಟುಮೂಟೆ
ಅಪ್ಪನ ಇನಿಷಿಯಲ್ಲೇ ಮೂರು ಅಕ್ಷರ ಸರ್ 😄 ನೋಡ್ಕೋತೀನಿ.

ಸುತ್ತಾಟದ_ಸೋಮು
ಮಣ್ಣಿನ ಸೈನಿಕರನ್ನ ಬಿಟ್ಟುಬಿಡಿ ಗುರು. ಫೋಟೋದಲ್ಲಿ ನೋಡಿದ್ದೇ ಅಲ್ಲಿರೋದು. ನೂರಾರು ಜನರ ತಲೆ ಮೇಲಿಂದ ಇಣುಕೋದು.

ಬಾದಾಮಿಬಂಡೆ
ಏನ್ರೀ ಹಂಗಂದ್ರ! ಹಂಪಿಗೆ ಹೋಗಿ ವಿಠ್ಠಲ ಗುಡಿ ಬಿಟ್ಟು ಬರ್ರಿ ಅಂದಂಗಾತು.

ಮಣ್ಣುಮಡಕೆ
ಸೋಮು ಅವರು ಹೇಳಿದ್ದರಲ್ಲಿ ಅರ್ಧ ನಿಜ. ಸೈನಿಕರು ಸಿಕ್ಕ ಮೂರು ಗುಂಡಿಗಳಲ್ಲಿ ಒಂದನೇದರ ಮುಂಭಾಗದ ಕಟಕಟೆ ಹತ್ತಿರ ನಿಂತರೆ ಕಾಣೋದು ಬೇರೆಯವರ ಫೋನುಗಳೇ. ಅಲ್ಲಿ ನಿಲ್ಲಬೇಡಿ. ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಪಕ್ಕದ ದಾರಿ ಹಿಡಿದು ಹಿಂದಕ್ಕೆ ನಡೀರಿ, ಅರ್ಧ ದಾರಿ ದಾಟಿದರೆ ಜನ ಕರಗ್ತಾರೆ. ಕೊನೆಯಲ್ಲಿ ಜೋಡಣೆ ನಡೆಯುತ್ತಿರೋ ಜಾಗ ಇದೆ. ತಲೆ ಇಲ್ಲದವರು, ತೋಳಿಗೆ ಪಟ್ಟಿ ಸುತ್ತಿಸಿಕೊಂಡವರು, ನಂಬರ್ ಚೀಟಿ ಅಂಟಿಸಿಕೊಂಡವರು ಸಾಲಾಗಿ ನಿಂತಿರ್ತಾರೆ. ಮುಂದಿನ ಸಾಲಿಗಿಂತ ನೋಡಬೇಕಾದ್ದು ಇದನ್ನೇ. ಅಗೆದಾಗ ನಿಂತ ಸೈನಿಕರು ಇಡಿಯಾಗಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನಬಹುದು. ಮರದ ಮಾಡು ಸುಟ್ಟು, ಮೇಲಿನ ಮಣ್ಣು ಕುಸಿದು ಎಲ್ಲ ಚೂರಾಗಿತ್ತು. ಈಗ ನಿಂತು ಕಾಣೋರು ಹೆಚ್ಚುಕಡಿಮೆ ಎಲ್ಲರೂ ಚೂರು ಆಯ್ದು ಅಂಟಿಸಿದವರು.
ಎರಡನೇ ಗುಂಡಿ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಲವು ಮೂರ್ತಿ ಇವೆ. ಮೂಗು ತಾಗುವಷ್ಟು ಹತ್ತಿರ ನಿಲ್ಲಬಹುದು. ಮಂಡಿಯೂರಿದ ಬಿಲ್ಲುಗಾರನ ಹಿಂದೆ ಹೋಗಿ ಅವನ ಚಪ್ಪಲಿಯ ಅಟ್ಟೆ ನೋಡಿ. ಹೊಲಿಗೆಯ ಚುಕ್ಕಿಗಳು ಬೆರಳಿನ ಕಡೆಗೂ ಹಿಮ್ಮಡಿಗೂ ಒತ್ತೊತ್ತಾಗಿ, ನಡುವೆ ವಿರಳವಾಗಿ. ಸವೆಯೋ ಕಡೆ ಗಟ್ಟಿ ಹೊಲಿಗೆ, ಸವೆಯದ ಕಡೆ ಸಡಿಲ. ಹೂತಿಡೋ ಬೊಂಬೆಯ ಅಂಗಾಲಿಗೆ ಇಷ್ಟು ಕೆಲಸ.

ಗಂಟುಮೂಟೆ
ಅಪ್ಪನಿಗೆ ಇದನ್ನ ಓದಿ ಹೇಳಿದೆ. "ಬೈನಾಕ್ಯುಲರ್ ಎಲ್ಲಿ?" ಅಂತ ಬೀರು ಹುಡುಕ್ತಿದ್ದಾರೆ.

ಮಣ್ಣುಮಡಕೆ
ತಗೊಂಡು ಬರಲಿ, ಬೇಕಾಗುತ್ತೆ. ಸೈನಿಕರು ಕೆಳಗೆ ಗುಂಡಿಯಲ್ಲಿ, ನಾವು ಮೇಲಿನ ದಾರಿಯಲ್ಲಿ. ಬರಿಗಣ್ಣಿಗೆ ಮುಖದ ವ್ಯತ್ಯಾಸ ಕಾಣೋದು ಮುಂದಿನ ಎರಡು ಮೂರು ಸಾಲಿನದು ಮಾತ್ರ.

ಎರಡುಕಾಸು
ಅವರ ಕತ್ತಿಗಳಿಗೆ ಕ್ರೋಮ್ ಲೇಪ ಇತ್ತಂತೆ, ಅದಕ್ಕೇ 2200 ವರ್ಷ ತುಕ್ಕು ಹಿಡಿದಿಲ್ಲ. ಜರ್ಮನಿಯವರು ಕಂಡುಹಿಡಿಯೋದಕ್ಕೂ ಮುಂಚೆ! ಅದನ್ನೂ ನೋಡಿ.

ಮಣ್ಣುಮಡಕೆ
ಹಳೇ ಕತೆ. 2019ರಲ್ಲಿ ಪ್ರಕಟವಾದ ಅಧ್ಯಯನ ಅದನ್ನ ಬಿಡಿಸಿ ಹಾಕಿದೆ. ಕ್ರೋಮಿಯಂ ಸಿಕ್ಕಿದ್ದು ನಿಜ, ಆದರೆ ಅದು ಹೆಚ್ಚಾಗಿ ಹಿಡಿಕೆ, ಒರೆಯಂಥ ಭಾಗಗಳ ಹತ್ತಿರ. ಮರಕ್ಕೆ ಬಳಿದ ಅರಗಿನಿಂದ ಬಂದದ್ದು. ಅಲಗು ಚೆನ್ನಾಗಿ ಉಳಿದದ್ದಕ್ಕೆ ಕಾರಣ ಕಂಚಿನಲ್ಲಿದ್ದ ಹೆಚ್ಚಿನ ತವರ ಮತ್ತು ಅಲ್ಲಿನ ಮಣ್ಣಿನ ಗುಣ. ಗೈಡುಗಳು ಇನ್ನೂ ಕ್ರೋಮ್ ಕತೆಯನ್ನೇ ಹೇಳ್ತಾರೆ.
ಬಣ್ಣದ ವಿಷಯವೂ ಈ ಅರಗಿಗೇ ಸೇರಿದ್ದು. ಎಲ್ಲ ಸೈನಿಕರಿಗೂ ಬಣ್ಣ ಇತ್ತು. ಕೆಳಗೆ ಅರಗಿನ ಪದರ, ಮೇಲೆ ಬಣ್ಣ. ಒದ್ದೆ ಮಣ್ಣಿಂದ ಹೊರ ತೆಗೆದ ಕೂಡಲೇ ಅರಗು ಒಣಗಿ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತೆ, ನಿಮಿಷಗಳಲ್ಲಿ ಬಣ್ಣ ಉದುರುತ್ತೆ. ಬಾಕಿ ಗುಂಡಿಗಳನ್ನ ಅವಸರದಿಂದ ಅಗೆಯದೆ ಇರೋದಕ್ಕೆ ಇದೂ ಒಂದು ಕಾರಣ.

ರೈಲುಹುಚ್ಚ
ಹೋಗೋ ದಾರಿ: ಮೆಟ್ರೋ 1ನೇ ಲೈನಿನ ಪೂರ್ವ ತುದಿ ಫಾಂಗ್‌ಝಿಚಂಗ್‌ನಲ್ಲಿ ಇಳಿದು 9ನೇ ಲೈನ್ ಹತ್ತಿ. ಹ್ವಾಚಿಂಗ್ ಕೊಳದ ಸ್ಟೇಷನ್ನಿನಲ್ಲಿ ಇಳಿದು ಸಿಟಿ ಬಸ್. ನಗರದ ನಡುವಿಂದ ಒಟ್ಟು ಒಂದೂವರೆ ಗಂಟೆಗಿಂತ ಹೆಚ್ಚೇ ಇಟ್ಟುಕೊಳ್ಳಿ. ಅಮ್ಮನಿಗೆ ಕಷ್ಟ ಅನ್ನಿಸಿದರೆ ಆಪ್‌ನಲ್ಲಿ ಕಾರು ಕರೆಸಿ, 40 ಕಿಲೋಮೀಟರ್ ಒಳಗೇ. ರೈಲ್ವೆ ಸ್ಟೇಷನ್ ಮುಂದೆ "ಸೈನಿಕರು, ಸೈನಿಕರು" ಅಂತ ಕೂಗಿ ಕರೆಯೋರ ಗಾಡಿ ಮಾತ್ರ ಹತ್ತಬೇಡಿ. ನಡುವೆ ಜೇಡ್ ಅಂಗಡಿ, ನಕಲಿ ಮೂರ್ತಿಗಳ ಪ್ರದರ್ಶನ ಎಲ್ಲ ತೋರಿಸಿ ಮಧ್ಯಾಹ್ನ ಕಳೀತಾರೆ.
ಬಾಗಿಲು ತೆರೆಯೋದು 8:30ಕ್ಕೆ. ಗೇಟಿಂದ ಗುಂಡಿಗಳವರೆಗೆ ಕಾಲು ಗಂಟೆ ನಡಿಗೆ, ದುಡ್ಡು ಕೊಟ್ಟರೆ ಬ್ಯಾಟರಿ ಗಾಡಿ ಇದೆ. ಅಮ್ಮನಿಗೆ ಅದೇ ಸರಿ.

ಸುತ್ತಾಟದ_ಸೋಮು
ಮೂರು, ಎರಡು, ಒಂದು, ಹೀಗೆ ಉಲ್ಟಾ ನೋಡಿದರೆ ಚೆನ್ನ ಅಂತಾರಲ್ಲ?

ಮಣ್ಣುಮಡಕೆ
ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ನೇರ ಒಂದನೇ ಗುಂಡಿಗೆ. ಹತ್ತು ಗಂಟೆ ಮೇಲೆ ತಲುಪಿದರೆ ಉಲ್ಟಾ ಸರಿ, ಗುಂಪು ಪ್ರವಾಸದವರೆಲ್ಲ ಆಗ ಒಂದರಲ್ಲಿರ್ತಾರೆ.
ಇನ್ನೊಂದು ಮಾತು, ಬಹಳ ಜನ ತಪ್ಪಿಸಿಕೊಳ್ಳೋದು: ಕಂಚಿನ ರಥಗಳು ಈಗ ಗುಂಡಿಗಳ ಆವರಣದಲ್ಲಿಲ್ಲ. 2021ರಿಂದ ಲಿಶಾನ್ ಉದ್ಯಾನದಲ್ಲಿ, ಅಂದರೆ ಸಮಾಧಿ ದಿಬ್ಬದ ಕಡೆ, ಅವಕ್ಕೇ ಬೇರೆ ಮ್ಯೂಸಿಯಂ ಇದೆ. ಅದೇ ಟಿಕೆಟ್ ಸಾಕು, ನಡುವೆ ಉಚಿತ ಬಸ್ ಓಡುತ್ತೆ. 1980ರಲ್ಲಿ ಸಿಕ್ಕ ಎರಡು ರಥ, ನಿಜವಾದ ಗಾತ್ರದ ಅರ್ಧ, ಒಂದೊಂದರಲ್ಲೂ ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗ. ಮೇಲಿನ ಕೊಡೆಯ ಕಂಚು ಕೆಲವೇ ಮಿಲಿಮೀಟರ್ ದಪ್ಪ. ಹಳೇ ಬ್ಲಾಗ್ ನೋಡಿಕೊಂಡು ಹೋದವರು ಗುಂಡಿಗಳ ಹತ್ತಿರ ಹುಡುಕಿ "ಎಲ್ಲೂ ಇಲ್ಲ" ಅಂತ ವಾಪಸ್ ಬರ್ತಾರೆ.

ಶಾಸನದಶೆಟ್ರು
ನಿಮ್ಮ ತಂದೆಗೆ ಶಾಸನದ ಹುಚ್ಚು ಅಂದ್ರಲ್ಲ. ಹಾಗಾದರೆ ಸೈನಿಕರಿಗಿಂತ ಬೇಲಿನ್ ಮುಖ್ಯ ಮಾರಾಯ್ರೆ. ಹೆಸರಿನ ಅರ್ಥವೇ ಶಾಸನಗಳ ಕಾಡು. ದಕ್ಷಿಣ ಬಾಗಿಲಿನ ಪೂರ್ವಕ್ಕೆ, ಕೋಟೆ ಗೋಡೆಯ ಒಳಗೇ ಉಂಟು. 1087ರಲ್ಲಿ ಶುರುವಾದ ಸಂಗ್ರಹ. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ.
ಮೊದಲು ಕಾಣೋದು 837ರಲ್ಲಿ ಮುಗಿದ ಕಲ್ಲಿನ ಗ್ರಂಥಾಲಯ. 114 ಕಲ್ಲು, ಎರಡೂ ಮುಖದಲ್ಲಿ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳು. ಪುಸ್ತಕ ನಕಲು ಮಾಡುವಾಗ ತಪ್ಪು ನುಸುಳ್ತದೆ ಅಂತ ಕಲ್ಲಿಗೇ ಹಾಕಿದ್ದು, ಯಾರಿಗೆ ಅನುಮಾನ ಬಂದರೂ ಬಂದು ತಾಳೆ ನೋಡಬಹುದು. ಕೆಲವು ಕಲ್ಲುಗಳ ನಡುವೆ ಅಡ್ಡ ಬಿರುಕು ಕಾಣ್ತದೆ, 1556ರ ಮಹಾ ಭೂಕಂಪದ್ದು.
ಮತ್ತೆ 781ರ ಕ್ರೈಸ್ತ ಶಾಸನ. ಆಮೆಯಂಥ ಪೀಠದ ಮೇಲೆ ನಿಂತದ್ದು. ತಲೆಯ ಹತ್ತಿರ ಶಿಲುಬೆ ಹುಡುಕಿ, ಕೆಳಗೆ ತಾವರೆ ಉಂಟು! ಪರ್ಷಿಯಾ ಕಡೆಯಿಂದ ಬಂದ ಪಾದ್ರಿಗಳ ಕತೆ ಚೀನೀ ಲಿಪಿಯಲ್ಲಿ, ಹೆಸರುಗಳು ಬದಿಯಲ್ಲಿ ಸಿರಿಯಾಕ್ ಲಿಪಿಯಲ್ಲಿ. 1907ರಲ್ಲಿ ಡೆನ್ಮಾರ್ಕಿನ ಒಬ್ಬ ಇದನ್ನು ಹೊತ್ತುಕೊಂಡು ಹೋಗಲಿಕ್ಕೆ ನೋಡಿದ, ಆಗದೆ ಪ್ರತಿ ಕೆತ್ತಿಸಿಕೊಂಡು ಹೋದ. ಕಲ್ಲನ್ನು ಬೇಲಿನ್‌ಗೆ ತಂದು ಇಟ್ಟದ್ದೂ ಆ ವರ್ಷವೇ.

ಬಾದಾಮಿಬಂಡೆ
ಶೆಟ್ರ, ಅಚ್ಚು ತೆಗೆಯೂದು ಹೇಳ್ರಿ, ಅದನ್ನ ಬಿಟ್ರಲ್ಲ.

ಶಾಸನದಶೆಟ್ರು
ಹೌದು, ಅದು ಮರೆಯಬಾರದು. ಒಳಗೆ ಟಪ್ ಟಪ್ ಸದ್ದು ಕೇಳಿದರೆ ಆ ಕಡೆ ಹೋಗಿ. ಪಡಿಯಚ್ಚು ತೆಗೆಯೋದು ನೋಡಲಿಕ್ಕೆ ಸಿಗ್ತದೆ. ತೆಳು ಕಾಗದ ಒದ್ದೆ ಮಾಡಿ ಕಲ್ಲಿಗೆ ಹಾಸ್ತಾರೆ, ಗಾಳಿಗುಳ್ಳೆ ಉಳಿಯದ ಹಾಗೆ ಬ್ರಷ್‌ನಲ್ಲಿ ಎಳೆದು, ಮತ್ತೆ ಬಡಿದು ಅಕ್ಷರದ ಗುಳಿಯೊಳಗೆ ಕಾಗದ ಕೂರಿಸ್ತಾರೆ. ಅರೆ ಒಣಗಿದ ಮೇಲೆ ಬಟ್ಟೆ ಉಂಡೆಗೆ ಮಸಿ ತಾಗಿಸಿ ಮೇಲ್ಮೈ ಮಾತ್ರ ತಟ್ಟೋದು. ಗುಳಿಯಲ್ಲಿರೋ ಅಕ್ಷರ ಬಿಳಿ, ಉಳಿದದ್ದು ಕಪ್ಪು. ಕಾಗದ ತುಂಬಾ ಒದ್ದೆ ಇದ್ದರೆ ಮಸಿ ಹಬ್ಬಿ ಅಕ್ಷರ ಮುಚ್ಚಿ ಹೋಗ್ತದೆ, ಪೂರಾ ಒಣಗಿದರೆ ಕಾಗದ ಕಲ್ಲಿಂದ ಎದ್ದು ಬರ್ತದೆ. ನಮ್ಮಲ್ಲಿ ಶಾಸನ ಇಲಾಖೆಯವರು ತೆಗೆಯೋದೂ ಹೆಚ್ಚುಕಡಿಮೆ ಇದೇ ಕ್ರಮ.
ಅಂಗಡಿಯಲ್ಲಿ ಮಾರೋದು ಹೆಚ್ಚಿನದು ಪ್ರತಿ ಕೆತ್ತಿದ ಹಲಗೆಯಿಂದ ತೆಗೆದದ್ದು. ಮೂಲ ಕಲ್ಲಿನದು ಅಂತ ಹೇಳಿ ರೇಟು ಏರಿಸಿದರೆ ನಂಬಬೇಡಿ.

ಎರಡುಕಾಸು
ಆರು ಕುದುರೆಗಳ ಉಬ್ಬುಶಿಲ್ಪವೂ ಅಲ್ಲೇ ಅಲ್ವಾ?

ಶಾಸನದಶೆಟ್ರು
ನಾಲ್ಕೇ ಅಲ್ಲಿರೋದು. ತಾಂಗ್ ಮನೆತನದ ದೊರೆ ತೈಝೋಂಗ್‌ನ ಸಮಾಧಿಯಿಂದ ತಂದ ಯುದ್ಧದ ಕುದುರೆಗಳು. ಉಳಿದೆರಡು ಅಮೆರಿಕದ ಫಿಲಡೆಲ್ಫಿಯಾದ ಮ್ಯೂಸಿಯಮ್ಮಿನಲ್ಲಿ. ಒಂದರ ಎದೆಯಿಂದ ಬಾಣ ಕೀಳುವ ಸರದಾರನ ಶಿಲ್ಪ ಇರೋದೂ ಅಲ್ಲಿ ಹೋದದ್ದರಲ್ಲೇ. ಇಲ್ಲಿ ಅವುಗಳ ಪ್ರತಿ ಇಟ್ಟಿದ್ದಾರೆ.

ಚಾಲುಕ್ಯಚೇತನ
ಎಲ್ಲರೂ ಮುಖ್ಯ ವಿಷಯ ಮರೆತಿರಿ! ಹ್ಯೂಯೆನ್ ತ್ಸಾಂಗ್! ನಮ್ಮ ಬಾದಾಮಿಗೆ ಬಂದು ಇಮ್ಮಡಿ ಪುಲಕೇಶಿಯನ್ನ ಕಂಡು ಹೋದವನು. ಅವನ ಗೋಪುರ ಷಿಯಾನ್‌ನಲ್ಲೇ ಇದೆ. ಕನ್ನಡಿಗರು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಬಾದಾಮಿಬಂಡೆ
ಗೋಪುರಕ್ಕ ಹೋಗೂದು ಖರೇ ರೀ, ಆದ್ರ "ಬಾದಾಮಿಗೆ ಬಂದ" ಅನ್ನೂದು ಸ್ವಲ್ಪ ತಡೀರಿ. ಅಂವ ಬರದದ್ದು ಮಹಾರಾಷ್ಟ್ರ ಅನ್ನೂ ದೇಶದ ಬಗ್ಗೆ, ಅಲ್ಲಿ ದೊರಿ ಹೆಸರು ಪುಲಕೇಶಿ ಅಂತ. ರಾಜಧಾನಿ ಹೆಸರ ಬರದಿಲ್ಲ, ಪಶ್ಚಿಮಕ್ಕ ದೊಡ್ಡ ನದಿ ಐತಿ ಅಂತಾನ. ಬಾದಾಮಿಗೆ ಅದು ಕೂಡೂದಿಲ್ಲ. ಅದಕ್ಕ ಇತಿಹಾಸಕಾರರು ನಾಸಿಕ್ ಅಂತಾರ, ಬ್ಯಾರೆ ಊರೂ ಅಂತಾರ. ಸುಮಾರು 641ರ ಮಾತಿದು.
ಉಳಿದದ್ದೆಲ್ಲ ಚಂದ ಬರದಾನ. ಯುದ್ಧಕ್ಕ ಮೊದಲ ಸೈನಿಕರಿಗೂ ಆನೆಗಳಿಗೂ ಹೆಂಡ ಕುಡಸ್ತಾರ, ಸೋತು ಬಂದ ಸೇನಾಪತಿಗೆ ಶಿಕ್ಷಾ ಕೊಡೂದಿಲ್ಲ, ಹೆಣ್ಣಿನ ಅರಿವಿ ಉಡಸ್ತಾರ, ನಾಚಿಗಿಗೆ ಅಂವ ತಾನ ಸಾಯ್ತಾನ ಅಂತ. ಹರ್ಷ ಅಷ್ಟು ದೊಡ್ಡ ದಂಡು ತಂದ್ರೂ ಈ ದೊರಿ ಮಣಿಲಿಲ್ಲ ಅಂತನೂ ಬರದಾನ. 634ರ ಐಹೊಳಿ ಶಾಸನದಾಗ ರವಿಕೀರ್ತಿ ಹೇಳಿದ್ದನ್ನ ಹೊರಗಿನವನೊಬ್ಬ ಬಂದು ಹೇಳಿದಂಗಾತು. ಎರಡೂ ಕೂಡಿಸಿ ಓದ್ರಿ, ಮಜಾ ಐತಿ.

ಚಾಲುಕ್ಯಚೇತನ
ಸರಿ, ನಾಸಿಕ್ ಅಂದ್ಕೊಳ್ಳಿ. ದೊರೆ ನಮ್ಮವನೇ ತಾನೆ?

ಬಾದಾಮಿಬಂಡೆ
ಅದರಾಗ ಎರಡು ಮಾತಿಲ್ಲ 😀

ಚಾಲುಕ್ಯಚೇತನ
ಹಾಗಾದರೆ ಗೋಪುರದ ವಿವರ: ದೊಡ್ಡ ಹೆಬ್ಬಾತು ಗೋಪುರ, ಮೆಟ್ರೋ 3 ಅಥವಾ 4, ಸ್ಟೇಷನ್ ದಾಯಾಂತಾ. 645ರಲ್ಲಿ ಅವನು 657 ಗ್ರಂಥ ಹೊತ್ತು ಚಾಂಗ್‌ಆನ್‌ಗೆ (ಷಿಯಾನ್‌ನ ಹಳೇ ಹೆಸರು) ವಾಪಸ್. ಅವನ್ನ ಇಡೋದಕ್ಕೆ 652ರಲ್ಲಿ ಕಟ್ಟಿಸಿದ್ದು. ಈಗಿನ ಏಳು ಅಂತಸ್ತಿನ ರೂಪ 701ರಿಂದ 704ರ ನಡುವೆ, ರಾಣಿ ವೂ ಕಾಲದ್ದು. 64 ಮೀಟರ್ ಎತ್ತರ. ಅಂತರ್ಜಲ ಎಳೆದೂ ಎಳೆದೂ ಒಂದು ಮೀಟರಿಗೂ ಮಿಕ್ಕಿ ವಾಲಿತ್ತು, ಸುತ್ತಲಿನ ಬಾವಿ ಮುಚ್ಚಿದ ಮೇಲೆ ತುಸು ತುಸುವೇ ನೆಟ್ಟಗಾಗ್ತಿದೆ.
ಗೋಪುರ ಹತ್ತೋದಕ್ಕೆ ಒಳಗೆ ಬೇರೆ ಟಿಕೆಟ್.

ಶಾಸನದಶೆಟ್ರು
ಅಮ್ಮನಿಗೆ ಹತ್ತಿಸಬೇಡಿ, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಕಿರಿದು, ಕಡಿದು. ಒಳಗೆ ಹೆಚ್ಚೇನೂ ಇಲ್ಲ, ಮೇಲಿಂದ ಊರು ಕಾಣ್ತದೆ ಅಷ್ಟೆ. ತಪ್ಪಿಸಬಾರದ್ದು ಕೆಳಗೇ ಉಂಟು: ದಕ್ಷಿಣದ ಬಾಗಿಲಿನ ಎಡಕ್ಕೂ ಬಲಕ್ಕೂ ಗೂಡಿನೊಳಗೆ ಎರಡು ಶಾಸನ, 653ರವು, ಛೂ ಸುಯಿಲ್ಯಾಂಗ್ ಎಂಬವನ ಕೈಬರಹ. ಅವರಲ್ಲಿ ಅಕ್ಷರ ಕಲಿಯೋರು ಇವತ್ತಿಗೂ ಇದನ್ನು ತಿದ್ದುತ್ತಾರೆ. ಜಾಲರಿ ಹಾಕಿದ್ದಾರೆ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಕಾಣ್ತದೆ. ನೇರ ಹಿಡಿದರೆ ಏನೂ ಕಾಣೋದಿಲ್ಲ.

ಸುತ್ತಾಟದ_ಸೋಮು
ಉತ್ತರದ ಕಡೆ ಸಂಜೆ ಕಾರಂಜಿ ಷೋ ಇದೆ. ದಕ್ಷಿಣಕ್ಕೆ ತಾಂಗ್ ಶೈಲಿಯ ಬೀದಿ, ಪೂರಾ ದೀಪಾಲಂಕಾರ. ಅದನ್ನೂ ಸೇರಿಸಿ.

ಚಾಲುಕ್ಯಚೇತನ
ಆ ಬೀದಿ ಕಟ್ಟಿದ್ದು ಈ ಶತಮಾನದಲ್ಲಿ. ಬಾಡಿಗೆ ಉಡುಪು ಹಾಕಿ ಫೋಟೋ ತೆಗೆಸಿಕೊಳ್ಳೋರ ಜಾತ್ರೆ. ನೋಡಬೇಡಿ ಅನ್ನಲ್ಲ, ಇತಿಹಾಸ ಅಂತ ನೋಡಬೇಡಿ.

ಸುತ್ತಾಟದ_ಸೋಮು
ಜಾತ್ರೆ ನೋಡೋಕೂ ಜನ ಹೋಗ್ತಾರೆ ಸ್ವಾಮಿ. ಮೈಸೂರು ದಸರಾ ದೀಪಕ್ಕೂ ಹೀಗೇ ಅಂತೀರಾ?

ನೀಲಿಛತ್ರಿ
ಜಗಳ ಸಾಕು 🙏 ದೊಡ್ಡ ಗೋಪುರಕ್ಕಿಂತ ಸಣ್ಣ ಹೆಬ್ಬಾತು ಗೋಪುರ ನೋಡಿ ಅಂತ ನನ್ನ ವಾದ. ನೆರಳು, ಹಳೇ ಮರಗಳು, ಅಮ್ಮ ಕೂರೋಕೆ ಕಲ್ಲುಬೆಂಚು. 707ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು, ಸಮುದ್ರ ದಾರಿಯಿಂದ ಭಾರತಕ್ಕೆ ಬಂದು ಹೋದ ಚೀನೀ ಭಿಕ್ಷು ಇತ್ಸಿಂಗ್‌ನ ಗ್ರಂಥಗಳ ಜೊತೆ ಬೆಸೆದುಕೊಂಡ ಜಾಗ. ಮೊದಲು 15 ಅಂತಸ್ತು, ಈಗ 13. ಮೇಲಿನೆರಡು 1556ರ ಭೂಕಂಪದಲ್ಲಿ ಬಿದ್ದವು. ಅದಕ್ಕೂ ಮೊದಲು 1487ರ ಭೂಕಂಪದಲ್ಲಿ ಮೇಲಿಂದ ಕೆಳಗೆ ಸೀಳಿತ್ತು, 1521ರ ಭೂಕಂಪದಲ್ಲಿ ಆ ಸೀಳು ಮುಚ್ಚಿಕೊಂಡಿತು ಅಂತ ಬಾಗಿಲ ಮೇಲಿನ ಕಲ್ಲಲ್ಲೇ ಬರೆದಿದೆ.
ಅಷ್ಟಾದರೂ ನಿಂತಿರೋದು ಅಡಿಪಾಯದಿಂದ. ದಮ್ಮಸು ಹೊಡೆದ ಮಣ್ಣನ್ನ ಬೋಗುಣಿ ಆಕಾರದಲ್ಲಿ ಕಟ್ಟಿದ್ದಾರೆ, ನೆಲ ನಡುಗಿದಾಗ ಭಾರ ಸಮ ಹಂಚುತ್ತೆ.
ಅದೇ ಆವರಣದಲ್ಲಿ ಷಿಯಾನ್ ಮ್ಯೂಸಿಯಂ. ಉಚಿತ, ಪಾಸ್‌ಪೋರ್ಟಲ್ಲಿ ಬುಕಿಂಗ್. ಶಾನ್‌ಷಿ ಮ್ಯೂಸಿಯಂ ಸಿಗದಿದ್ದರೆ ಇದು. ಒಳಗೆ ತಾಂಗ್ ಕಾಲದ ಚಾಂಗ್‌ಆನ್ ನಗರದ ಮಾದರಿ ಇದೆ, ಮೊದಲ ದಿನವೇ ಅದನ್ನ ನೋಡಿದರೆ ಇಡೀ ಊರು ಅರ್ಥವಾಗುತ್ತೆ. ಈಗಿನ ಕೋಟೆ ಗೋಡೆಗಿಂತ ಆ ಊರು ಏಳು ಪಟ್ಟು ದೊಡ್ಡದು. ಈಗ ಗೋಡೆ ಹೊರಗಿರೋ ಎರಡೂ ಗೋಪುರ ಆಗ ಊರೊಳಗೇ ಇದ್ದವು.

ಗಂಟುಮೂಟೆ
ಶಾನ್‌ಷಿ ಮ್ಯೂಸಿಯಂ ಸಿಕ್ಕರೆ ಅಲ್ಲಿ ಏನು ನೋಡಬೇಕು? ಎಲ್ಲ ನೋಡೋಕೆ ಅಮ್ಮನ ಕಾಲು ಬಿಡೋಲ್ಲ.

ಎರಡುಕಾಸು
ಹಜ್ಯಾಚುನ್ ನಿಧಿ. 1970ರಲ್ಲಿ ಕಟ್ಟಡ ಕೆಲಸಕ್ಕೆ ಅಗೆಯುವಾಗ ಹೊರಬಂದ ಗಡಿಗೆಗಳು, ಸಾವಿರಕ್ಕೂ ಹೆಚ್ಚು ವಸ್ತು. ಪರ್ಷಿಯಾದ ಖುಸ್ರೋ, ಬೈಜಾಂಟಿಯಂನ ಹೆರಾಕ್ಲಿಯಸ್, ಜಪಾನಿನ ನಾಣ್ಯ, ಮೂರೂ ಒಂದೇ ಗಂಟಿನಲ್ಲಿ. ನಾಣ್ಯ ಸಂಗ್ರಹ ಮಾಡೋರಿಗೆ ಎದೆ ನಿಂತು ಹೋಗುತ್ತೆ. ಪ್ರಾಣಿ ತಲೆಯ ಅಗೇಟ್ ಬಟ್ಟಲು ಅದರಲ್ಲೇ ಸಿಕ್ಕಿದ್ದು. ಪಟ್ಟೆ ಕಲ್ಲಿನ ಬಣ್ಣ ಹೇಗಿದೆಯೋ ಹಾಗೇ ಬಳಸಿ ಕೆತ್ತಿದ್ದಾರೆ, ಮೂತಿಗೆ ಚಿನ್ನದ ಬಿರಡೆ. ಸಮಾಧಿಗಳಿಂದ ತಂದ ಭಿತ್ತಿಚಿತ್ರಗಳಿಗೆ ಬೇರೆ ಟಿಕೆಟ್, ದುಬಾರಿ, ಆದರೆ ಜನ ಕಡಿಮೆ.

ಪುಳಿಯೋಗರೆ
ಅಮ್ಮನ ಊಟದ ಬಗ್ಗೆ ಯಾರೂ ಹೇಳ್ತಿಲ್ಲ, ನಾನು ಹೇಳ್ತೀನಿ.
"ಮುಸ್ಲಿಂ ಕೇರಿಯಲ್ಲಿ ಹಂದಿ ಇಲ್ಲ, ಆದ್ದರಿಂದ ಪರವಾಗಿಲ್ಲ" ಅಂತ ಅಂದುಕೊಳ್ಳಬೇಡಿ. ಕುರಿ, ದನದ ಸಾರು ಎಲ್ಲದಕ್ಕೂ ಬೀಳುತ್ತೆ. ಅಲ್ಲಿ ಹೆಸರುವಾಸಿಯಾದ ಪಾವ್‌ಮೊ (ಸಾರಲ್ಲಿ ನೆನೆಸಿದ ರೊಟ್ಟಿ ಚೂರು) ಕುರಿ ಸಾರಿನದು.
ಲ್ಯಾಂಗ್‌ಪಿ: ತಣ್ಣನೆ ಅಗಲ ಶಾವಿಗೆ, ಅಕ್ಕಿ ಅಥವಾ ಗೋಧಿದು. ನೋಡೋಕೆ ಪಕ್ಕಾ ಸಸ್ಯಾಹಾರ, ಆದರೆ ಮೇಲೆ ಸುರಿಯೋ ನೀರು ಬೆಳ್ಳುಳ್ಳಿ ನೀರು. ಬ್ಯಾಂಗ್‌ಬ್ಯಾಂಗ್ ಶಾವಿಗೆ: ಮೆಣಸಿನ ಪುಡಿ ಮತ್ತು ಜಜ್ಜಿದ ಬೆಳ್ಳುಳ್ಳಿ ಮೇಲಿಟ್ಟು ಕಾದ ಎಣ್ಣೆ ಸುರೀತಾರೆ. ಹಾಗಾಗಿ ಹಾಕೋ ಮೊದಲೇ "ಬು ಫಾಂಗ್ ಸ್ವಾನ್" (ಬೆಳ್ಳುಳ್ಳಿ ಹಾಕಬೇಡಿ) ಅನ್ನಬೇಕು. ನಮ್ಮ ಉಚ್ಚಾರ ಅವರಿಗೆ ತಿಳಿಯೋದಿಲ್ಲ, ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ತೋರಿಸಿ. ಚೀಟಿಯಲ್ಲಿ ಮಾಂಸ ಬೇಡ ಅಂತಷ್ಟೇ ಬರೆದರೆ ಮಾಂಸದ ತುಂಡು ತೆಗೆದು ಸಾರು ಹಾಗೇ ಕೊಡ್ತಾರೆ. "ಮಾಂಸದ ಸಾರು, ಮಾಂಸದ ಕೊಬ್ಬು, ಕೋಳಿ ಪುಡಿ, ಮೀನು, ಈರುಳ್ಳಿ, ಬೆಳ್ಳುಳ್ಳಿ ಬೇಡ" ಅಂತ ಒಂದೊಂದಾಗಿ ಬರೆಸಿ.
ಒಳ್ಳೇ ಸುದ್ದಿ: ಬೌದ್ಧ ಮಠದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ದೊಡ್ಡ ದೇವಸ್ಥಾನಗಳ ಆಸುಪಾಸು ಸಸ್ಯಾಹಾರದ ಹೋಟೆಲು ಹುಡುಕಿ. ತಟ್ಟೆಯಲ್ಲಿ ಮೀನು, ಬಾತುಕೋಳಿ ಆಕಾರದ್ದು ಬಂದರೆ ಗಾಬರಿ ಬೇಡ, ಸೋಯಾ ಮತ್ತು ಗೋಧಿ ಅಂಟಿನದು.
ಸಿಹಿಯಲ್ಲಿ ಜಂಗ್‌ಗಾವ್: ಅಂಟಕ್ಕಿ, ಖರ್ಜೂರದಂಥ ಹಣ್ಣು, ಅವರೆ ಜಾತಿಯ ಕಾಳು ಪದರ ಪದರವಾಗಿ ಹಬೆಯಲ್ಲಿ ಬೆಂದದ್ದು. ಅಮ್ಮನಿಗೆ ಧೈರ್ಯವಾಗಿ ಕೊಡಿಸಿ. ನವೆಂಬರ್ ಅಂದರೆ ದಾಳಿಂಬೆ, ಪರ್ಸಿಮನ್ ಕಾಲ.

ನೀಲಿಛತ್ರಿ
ಹಣ್ಣು ಕೊಯ್ಯೋಕೆ ಅಂತ ಚಾಕು ಇಟ್ಕೋಬೇಡಿ. ಮೆಟ್ರೋ, ರೈಲು ಎರಡರಲ್ಲೂ ಬ್ಯಾಗ್ ತಪಾಸಣೆ, ಕಿತ್ಕೋತಾರೆ.

ಎರಡುಕಾಸು
ಆ ಬ್ಯಾಂಗ್ ಅಕ್ಷರ ಬರೆಯೋಕೆ ಐವತ್ತಕ್ಕೂ ಹೆಚ್ಚು ಗೆರೆ ಬೇಕಂತೆ. ನಮ್ಮ "ಕ್ಷ್ಮೀ"ಗೇ ಮಕ್ಕಳು ಅಳ್ತಾರೆ.

ಪುಳಿಯೋಗರೆ
ಹೋಟೆಲ್ ಬೋರ್ಡಲ್ಲೇ ನೋಡಬಹುದು. ಅಷ್ಟು ಹೊತ್ತಿಗೆ ಶಾವಿಗೆ ತಣ್ಣಗಾಗಿರುತ್ತೆ.

ಶಾಸನದಶೆಟ್ರು
ಆ ಕೇರಿಗೆ ಹೋದರೆ ಒಳಗೆ ದೊಡ್ಡ ಮಸೀದಿ ಉಂಟು, ಬಿಡಬೇಡಿ. ಹ್ವಾಜ್ವೆ ಗಲ್ಲಿಯಲ್ಲಿ. ಹೊರಗೆ ಸಾಮಾನು ಮಾರುವ ಗದ್ದಲ, ಒಳಗೆ ಹಕ್ಕಿ ಸದ್ದು. ಗುಮ್ಮಟ ಇಲ್ಲ, ಚೀನಾದ ಗುಡಿಯ ಹಾಗೇ ಹಂಚಿನ ಮಾಡು, ಮರದ ಕಂಬ. ಒಂದು ವ್ಯತ್ಯಾಸ ಗಮನಿಸಿ: ಅವರ ಗುಡಿ, ಅರಮನೆ ದಕ್ಷಿಣಕ್ಕೆ ಮುಖ ಮಾಡಿದರೆ ಇದು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ. ಮೆಕ್ಕಾ ಇರೋದು ಪಶ್ಚಿಮಕ್ಕಲ್ವಾ. ನಡುವಿನ ಎಂಟು ಮೂಲೆಯ ಮಂಟಪವೇ ಮಿನಾರ್.

ಚಾಲುಕ್ಯಚೇತನ
742ರದ್ದು, ಚೀನಾದ ಅತಿ ಹಳೆಯ ಮಸೀದಿಗಳಲ್ಲಿ ಒಂದು.

ಶಾಸನದಶೆಟ್ರು
742 ಅಂತ ಅಲ್ಲಿನ ಶಾಸನ ಹೇಳ್ತದೆ. ಈಗಿರೋ ಕಟ್ಟಡ 1392ರಿಂದ ಈಚೆಗೆ, ಮಿಂಗ್ ಕಾಲದ್ದು. ಪ್ರಾರ್ಥನಾ ಮಂದಿರದ ಒಳಗೆ ಬೇರೆಯವರಿಗೆ ಪ್ರವೇಶ ಇಲ್ಲ, ಬಾಗಿಲಿಂದ ನೋಡಬಹುದು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ.

ರೈಲುಹುಚ್ಚ
ಕೋಟೆ ಗೋಡೆ: 13.74 ಕಿಲೋಮೀಟರ್ ಸುತ್ತಳತೆ, 12 ಮೀಟರ್ ಎತ್ತರ, 1370ರಿಂದ 1378ರ ನಡುವೆ ಕಟ್ಟಿದ್ದು. ಟಿಕೆಟ್ 54 ಯುವಾನ್, ಸೈಕಲ್ ಬಾಡಿಗೆ ಬೇರೆ. ಪೂರ್ತಿ ಸುತ್ತೋಕೆ ಒಂದೂವರೆಯಿಂದ ಎರಡು ಗಂಟೆ. ನೆಲ ಹಳೇ ಇಟ್ಟಿಗೆ, ಕುಲುಕಾಟಕ್ಕೆ ಸೊಂಟ ಹಿಡಿಯುತ್ತೆ. ಟೈರ್ ಗಾಳಿ, ಬ್ರೇಕ್, ಸೀಟಿನ ಎತ್ತರ ಮೂರೂ ಕೌಂಟರ್ ಹತ್ತಿರವೇ ನೋಡಿಕೊಂಡು ಹೊರಡಿ. ಮಳೆ ಬಂದರೆ ಸೈಕಲ್ ಕೊಡೋದಿಲ್ಲ, ಇಟ್ಟಿಗೆ ಜಾರುತ್ತೆ. ಅಮ್ಮನಿಗೆ ಬ್ಯಾಟರಿ ಗಾಡಿ.
ಗೋಡೆಯಿಂದ ಹೊರಕ್ಕೆ ಚಾಚಿದ 98 ಬುರುಜು ಇವೆ, ನಡುವಿನ ಅಂತರ 120 ಮೀಟರ್. ಎರಡು ಬುರುಜಿನವರೂ ಅರ್ಧರ್ಧ ದೂರಕ್ಕೆ ಬಾಣ ಬಿಟ್ಟರೆ ಗೋಡೆ ಹತ್ತೋಕೆ ಬಂದವನಿಗೆ ಅಡಗೋಕೆ ಜಾಗವೇ ಇಲ್ಲ.

ಬಾದಾಮಿಬಂಡೆ
ಒಳಗ ಮಣ್ಣು ರೀ ಅದು. ಬುಡದ ಪದರ ಸುಣ್ಣ, ಮಣ್ಣು, ಅಂಟಕ್ಕಿ ಗಂಜಿ ಕಲಸಿ ಬಡದದ್ದು, ಇಟ್ಟಂಗಿ ಆಮ್ಯಾಲ ಹೊದಿಸ್ಯಾರ.

ಸುತ್ತಾಟದ_ಸೋಮು
ಗಂಟೆ ಗೋಪುರ, ನಗಾರಿ ಗೋಪುರ?

ರೈಲುಹುಚ್ಚ
ಹೊರಗಿಂದ, ರಾತ್ರಿ ದೀಪ ಹಾಕಿದ ಮೇಲೆ ನೋಡಿದರೆ ಸಾಕು. ಗಂಟೆ ಗೋಪುರ ವೃತ್ತದ ನಡುವೆ ಇದೆ, ರಸ್ತೆ ದಾಟಿ ಹೋಗೋಕಾಗಲ್ಲ, ಸುರಂಗದಲ್ಲೇ ಹೋಗಬೇಕು. 1384ರಲ್ಲಿ ಕಟ್ಟಿದ್ದು ಈ ಜಾಗದಲ್ಲಲ್ಲ, 1582ರಲ್ಲಿ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದು.

ಮಣ್ಣುಮಡಕೆ
ನಾಲ್ಕನೇ ದಿನಕ್ಕೆ ಹಾನ್ ಯಾಂಗ್‌ಲಿಂಗ್ ಇಡಿ. ವಿಮಾನ ನಿಲ್ದಾಣದ ಕಡೆ, ಕ್ರಿಸ್ತಪೂರ್ವ 141ರಲ್ಲಿ ತೀರಿಕೊಂಡ ಹಾನ್ ಮನೆತನದ ದೊರೆ ಜಿಂಗ್‌ನ ಸಮಾಧಿ. ಜನ ಕಡಿಮೆ. ಶೂಗೆ ಕವರ್ ಹಾಕಿಕೊಂಡು ನೆಲದಡಿಯ ಗಾಜಿನ ಮೇಲೆ ನಡೀತೀರಿ, ಕಾಲ ಕೆಳಗೇ ಗುಂಡಿಗಳು. ಬೊಂಬೆಗಳು 60 ಸೆಂಟಿಮೀಟರ್ ಎತ್ತರ, ತೋಳಿಲ್ಲ, ಬಟ್ಟೆ ಇಲ್ಲ. ಮರದ ತೋಳು ಕೊಳೆತು ಹೋಯ್ತು, ರೇಷ್ಮೆ ಬಟ್ಟೆ ಮಣ್ಣಾಯ್ತು, ಮಣ್ಣಿನ ಮೈ ಮಾತ್ರ ಉಳೀತು. ಪಕ್ಕದಲ್ಲಿ ಸಾಲು ಸಾಲು ಹಂದಿ, ನಾಯಿ, ಮೇಕೆ, ಕೋಳಿ. ಸೈನ್ಯದ ಠೀವಿ ಇಲ್ಲ, ದೊಡ್ಡ ಮನೆಯ ಹಿತ್ತಿಲಿದ್ದ ಹಾಗಿದೆ. ಒಳಗೆ ಕತ್ತಲೆ, ಅಪ್ಪನಿಗೆ ಅಮ್ಮನ ಕೈ ಹಿಡ್ಕೊಳ್ಳೋಕೆ ಹೇಳಿ. ಚಹಾ ಕುಡಿಯೋರಿಗೆ ಇನ್ನೊಂದು ವಿಷಯ: ಸುಮಾರು 2100 ವರ್ಷ ಹಳೆಯ ಚಹಾ ಚಿಗುರು ಸಿಕ್ಕಿದ್ದು ಇಲ್ಲೇ.

ಗಂಟುಮೂಟೆ
ಅಪ್ಪ ಕೂತು ಬರೆದ ಪಟ್ಟಿ:
ಮಂಗಳ: ಸಣ್ಣ ಗೋಪುರ, ಷಿಯಾನ್ ಮ್ಯೂಸಿಯಂ, ಸಂಜೆ ದೊಡ್ಡ ಗೋಪುರ
ಬುಧ: ಮಣ್ಣಿನ ಸೈನ್ಯ, ಕಂಚಿನ ರಥ
ಗುರು: ಬೇಲಿನ್, ಕೋಟೆ ಗೋಡೆ
ಶುಕ್ರ: ಮಧ್ಯಾಹ್ನದವರೆಗೆ ಹಾನ್ ಯಾಂಗ್‌ಲಿಂಗ್, ಸಂಜೆ ಮಸೀದಿ, ಗಂಟೆ ಗೋಪುರ
ಶಾನ್‌ಷಿ ಮ್ಯೂಸಿಯಂ ಬುಕಿಂಗ್ ಸಿಕ್ಕರೆ ಅದರ ಪ್ರಕಾರ ಬದಲು.

ನೀಲಿಛತ್ರಿ
ಷಿಯಾನ್ ಮ್ಯೂಸಿಯಮ್ಮಿಗೆ ಮಂಗಳವಾರ ರಜೆ! ಮಂಗಳ, ಗುರು ಅದಲು ಬದಲು ಮಾಡಿ.

ಶಾಸನದಶೆಟ್ರು
ಮಸೀದಿ ಬೇಗ ಮುಚ್ಚಿದರೆ ಕಷ್ಟ, ಕತ್ತಲಾಗೋ ಮುಂಚೆ ತಲುಪಿ. ನವೆಂಬರಲ್ಲಿ ಅಲ್ಲಿ ಸಂಜೆ ಆರಕ್ಕೇ ಕತ್ತಲೆ.

ಗಂಟುಮೂಟೆ
ಎರಡೂ ಬದಲಾಯ್ತು. ಬೈನಾಕ್ಯುಲರ್ ಸಿಕ್ತು, ಒಂದು ಕಡೆ ಗಾಜಿಲ್ಲ.

ಮಣ್ಣುಮಡಕೆ
ಒಂದೇ ಕಣ್ಣು ಸಾಕು ಬಿಡಿ, ಬಿಲ್ಲುಗಾರನೂ ಒಂದು ಕಣ್ಣು ಮುಚ್ಚಿಯೇ ಗುರಿ ನೋಡಿರೋದು.